ಸರ್ವರ್ ಪಳಗಿಸಿದ ಅಕ್ಕ

ಆಲಸನತ್ತದ ಆಸ್ಪತ್ರೆಯಲ್ಲಿ ನಾನು ಕಿವಿ ಪರೀಕ್ಷೆ ಮಾಡುತ್ತಿದ್ದ ಕೋಣೆಯ ಪಕ್ಕದಲ್ಲೇ ಕಂಪ್ಯೂಟರುಗಳ ಸರ್ವರ್ ಇತ್ತು. ಅದರ ಫ್ಯಾನುಗಳ ಗದ್ದಲದಲ್ಲಿ ಪರೀಕ್ಷೆಯ ಸಣ್ಣ ಸದ್ದುಗಳು ಯಾರಿಗೂ ಕೇಳುತ್ತಿರಲಿಲ್ಲ. ಫ್ಯಾನುಗಳ ವೇಗ ಇಳಿಸಿದರೆ ಸರ್ವರ್ ಕಾದು ನಿಂತುಹೋಗುತ್ತಿತ್ತು. ಕೋಲಾರದಿಂದ ಬಂದ ಹುಡುಗಿಯೊಬ್ಬಳಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿತ್ತು, ಸೇರಲು ಕಿವಿ ಸರಿಯಿದೆಯೆಂಬ ಸರ್ಟಿಫಿಕೇಟ್ ಬೇಕಿತ್ತು. ನಮ್ಮ ಪರೀಕ್ಷೆಯಲ್ಲಿ ಅವಳ ಕಿವಿ ಮಂದವೆಂದು ಬಂತು. "ನಂಗೆ ಚೆನ್ನಾಗೇ ಕೇಳ್ಸುತ್ತೆ ಮೇಡಂ," ಎಂದು ಅತ್ತಳು.

ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ಅಕ್ಕ ಅದನ್ನು ಕೇಳಿಸಿಕೊಂಡರು. ಯಾವ ಯಂತ್ರವಾದರೂ ಮೊದಲು ಅದರ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಆಲಿಸುವುದು ಅವರ ಪದ್ಧತಿ. "ಜೋರಾಗ್ ತಿರುಗೋದಲ್ಲ ಮೇಡಂ, ಗಾಳಿ ಆಡ್ಬೇಕು," ಎಂದು ಯಾವಾಗಲೂ ಹೇಳುತ್ತಿದ್ದರು. ಆ ಭಾನುವಾರ ಬಂದು ಸರ್ವರಿನ ಧೂಳು ತೆಗೆದರು, ಗಾಳಿಗೆ ಅಡ್ಡವಾಗಿದ್ದ ವೈರುಗಳನ್ನು ಪಕ್ಕಕ್ಕೆ ಕಟ್ಟಿದರು. ಚಿಕ್ಕ ಫ್ಯಾನುಗಳ ಜಾಗದಲ್ಲಿ ನಿಧಾನ ತಿರುಗುವ ದೊಡ್ಡ ಫ್ಯಾನುಗಳನ್ನು ಕೂರಿಸಿದರು. ಸಂಜೆಯವರೆಗೂ ಕಾದು ನೋಡಿದೆವು. ಬಿಸಿ ಏರಲಿಲ್ಲ, ಗದ್ದಲವೂ ಇರಲಿಲ್ಲ.

ಮರುದಿನ ಹುಡುಗಿಯನ್ನು ಮತ್ತೆ ಕರೆಸಿ ಪರೀಕ್ಷೆ ಮಾಡಿದೆ. ಸಣ್ಣ ಸದ್ದು ಹಾಕಿದೆ, ಅವಳು ಕೈ ಎತ್ತಿದಳು. ಇನ್ನೂ ಇಳಿಸಿದೆ, ಮತ್ತೆ ಎತ್ತಿದಳು. ಕೊನೆಯ, ಉಸಿರಿನಷ್ಟು ಸಣ್ಣ ಸದ್ದಿಗೂ ಎತ್ತಿದಳು.

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಗೆದ್ಬುಟ್ವಿ ಮೇಡಂ!" ಎಂದು ಕೂಗಿಬಿಟ್ಟರು. ಹುಡುಗಿ ಆ ಕೂಗಿಗೂ ಕೈ ಎತ್ತಿದಳು.