ಆಯಿ ಮುಟ್ಟದ ಹೊಟ್ಟೆ

ಹಿಂದಿನ ಮನೆಯ ಆಯಿಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಔಡಲೆಣ್ಣೆ ಕುಡಿದು ಕರ್ರಗೆ ಮಿರುಗುತ್ತಿತ್ತು. ಮಕ್ತಲ್‌ನ ನಮ್ಮ ಓಣಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ‘ಬಟ್ಟಿ ಸರಿದೈತಿ’ ಎಂದು ಅವರ ಬಳಿ ಓಡುತ್ತಿದ್ದರು. ಹೊಕ್ಕುಳ ಸುತ್ತ ಎಣ್ಣೆ ಸವರಿ ತಿಕ್ಕಿದರೆ ಸರಿದದ್ದು ಜಾಗಕ್ಕೆ ಬರುತ್ತದೆಂಬ ನಂಬಿಕೆ. ಆಯಿಗೆ ಒಂದೆಡೆ ನಿಲ್ಲುವುದೇ ಆಗದು. ಚಹಾವನ್ನೂ ಅಂಗಳದಲ್ಲಿ ತಿರುಗಾಡುತ್ತಲೇ ಕುಡಿಯುತ್ತಿದ್ದರು. ನನಗೋ ನೋಡಿದರೇ ತಲೆ ಸುತ್ತುತ್ತಿತ್ತು.

ನನ್ನ ಡಿಗ್ರಿಯ ಕೊನೆಯ ವರ್ಷ. ಒಂದು ಬೆಳಿಗ್ಗೆ ಬಲ ಕಿಬ್ಬೊಟ್ಟೆಯಲ್ಲಿ ಹಿಂಡಿದಂಥ ನೋವು, ಮೇಲಿಂದ ಮೇಲೆ ವಾಂತಿ. ಅವ್ವ ನನ್ನನ್ನು ಆಯಿಯ ಚಾಪೆಯ ಮೇಲೆ ಮಲಗಿಸಿದಳು.

“ಒಂದಾ ಕಡಿ ಏನವ್ವಾ? ನಿನ್ನಿ ಸೈತ ಬಂದು ಹೋಗಿತ್ತೇನು?” ಆಯಿ ಕೇಳಿದರು.

ಹೌದೆಂದೆ. ಎಣ್ಣೆ ಬಟ್ಟಲು ಕೆಳಗಿಟ್ಟರು.

“ನಾ ಮುಟ್ಟಂಗಿಲ್ಲ. ರಾಯಚೂರಿನ ಹೆಣ್ಮಕ್ಕಳ ದವಾಖಾನಿಗೆ ನಡೀರಿ.”

“ಲಗ್ನ ಆಗದ ಹುಡುಗಿ ಐತ್ರಿ, ಅಂಥಾ ದವಾಖಾನಿಗೆ ಒಯ್ದ್ರ ಮಂದಿ ಏನಂದಾರು? ಒಂದೀಟು ತಿಕ್ರಿ,” ಅವ್ವ ಅಂಗಲಾಚಿದಳು.

“ಮಂದಿದು ಆಮ್ಯಾಲ ನೋಡೋಣು. ಮೊದಲು ಆಟೊ ತರಸ್ರಿ.”

ಆಯಿಯೂ ಜೊತೆಗೆ ಬಂದರು. ಕೃಷ್ಣಾ ಸೇತುವೆಯ ಮೇಲೆ ಲಾರಿಗಳು ಅಡ್ಡಗಟ್ಟಿದಾಗ ಇಳಿದು ಹೋಗಿ ಡ್ರೈವರುಗಳನ್ನು ಬೈದು ಬಂದರು. ಅಲ್ಲೇ ಹೇಳಿದ್ದು: ಗದ್ವಾಲದ ತಂಗಿಯ ಮಗಳಿಗೆ ಹೀಗೇ ನೋವು ಬಂದಾಗ ಆಯಿಯೇ ಎರಡು ದಿನ ತಿಕ್ಕಿದ್ದರಂತೆ. ದವಾಖಾನೆ ಸೇರುವಷ್ಟರಲ್ಲಿ ಅಂಡಾಶಯ ಸತ್ತುಹೋಗಿ, ತೆಗೆಯಬೇಕಾಯಿತು. “ನೋವು ಕಡಿಮಿ ಆತು ಅಂದ್ಲು. ನಾ ನಂಬಿದೆ.”

ಸ್ಕ್ಯಾನಿಂಗ್‌ನಲ್ಲಿ ಬಲ ಅಂಡಾಶಯ ಬಾತಿತ್ತು, ಅದರಲ್ಲೊಂದು ನೀರುಗಂಟು. ಅದಕ್ಕೆ ರಕ್ತ ಇನ್ನೂ ಸ್ವಲ್ಪ ಹರಿಯುತ್ತಿದೆ ಎಂದದ್ದೇ ತಡ, ಭಯವಿಲ್ಲವೆಂದು ಅವ್ವ ಮನೆಗೆ ಹೊರಟು ನಿಂತಳು.

ಡಾಕ್ಟರಮ್ಮ ತಡೆದರು: “ರಕ್ತ ಹರದ್ರೂ ಅಂಡಾಶಯ ತಿರುಚಿರಬಹುದ್ರಿ. ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡಿದ್ರನಾ ಖಾತ್ರಿ. ತಡ ಆದಷ್ಟೂ ಕೆಡತೈತಿ.”

ಒಪ್ಪಿಗೆ ಪತ್ರವನ್ನು ಅವ್ವನ ಮುಂದಿಟ್ಟರು. ಆಯಿ ಪೆನ್ನನ್ನು ನನ್ನ ಕೈಗೇ ಕೊಟ್ಟರು. “ನಿನ್ನ ಹೊಟ್ಟಿ. ನೀ ಸಹಿ ಹಾಕು.”

ಎರಡು ಸುತ್ತು ತಿರುಚಿತ್ತಂತೆ. ಬಿಡಿಸಿ, ಗಂಟು ತೆಗೆದು, ನೀಲಿಗಟ್ಟಿದ್ದರೂ ಚೇತರಿಸಿಕೊಳ್ಳುತ್ತದೆಂದು ಅಂಡಾಶಯವನ್ನು ಹಾಗೇ ಉಳಿಸಿದರು. ನನಗೆ ಎಚ್ಚರವಾದಾಗ ಆಯಿ ಮಂಚದ ಪಕ್ಕದಲ್ಲಿದ್ದರು. “ಉಳಿಸ್ಯಾರ,” ಎಂದು ಎರಡೆರಡು ಸಲ ಹೇಳಿದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಆ ಅಳುವಿನಲ್ಲಿ ನನ್ನ ಪಾಲು ಸ್ವಲ್ಪ ಮಾತ್ರ ಎಂದು ನನಗೆ ಗೊತ್ತಿತ್ತು.

ಹೋದ ವರ್ಷ ಆಯಿ ತೀರಿಕೊಂಡರು. ಅವರಿಂದ ಉಳಿದೆನೆಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಗದ್ವಾಲದ ಆ ಹುಡುಗಿಗೂ ನಾನು ಅಷ್ಟೇ ಋಣಿ. ಅವಳೆದುರು ನಿಂತು ಅದನ್ನು ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.