ಮಾತ್ರೆ ಬಿಟ್ಟಾಗ ನಾನು ಒಳ್ಳೆಯ ಸೊಸೆ

ತೊಂಬತ್ತರ ದಶಕದ ಕೊನೆಯಲ್ಲಿ, ಕುತ್ತಿಗೆಯಲ್ಲಿ ಕ್ಯಾನ್ಸರ್ ಎಂದು ಮೈಸೂರಿನಲ್ಲಿ ನನ್ನ ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದರು. ಅದು ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಮಾತ್ರೆ ಮಾಡುತ್ತದೆ, ಸಾಯುವವರೆಗೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು ಎಂದರು. ನುಂಗುತ್ತಿದ್ದೆ. ವರ್ಷದ ಮೇಲೆ, ರೋಗ ಎಲ್ಲಾದರೂ ಉಳಿದಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಲು, ಕೆಲವು ವಾರ ಮಾತ್ರೆ ನಿಲ್ಲಿಸಿ ಎಂದರು. ನಿಲ್ಲಿಸಿದೆ.

ಗಾವಡಗೆರೆಯ ನಮ್ಮ ಮನೆಯವರು ಅಷ್ಟು ನೆಮ್ಮದಿಯಿಂದ ಹಿಂದೆಂದೂ ಇದ್ದಿರಲಿಲ್ಲ. ನಾನೋ ಸುಡುಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು, ಊದಿದ ಮುಖ ಹೊತ್ತು, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಲ್ಲೇ ತೂಕಡಿಸುತ್ತಿದ್ದೆ. ಮಾತನಾಡಲೂ ತ್ರಾಣವಿರಲಿಲ್ಲ. ಬಾಯಿ ಸತ್ತ ಸೊಸೆ ಯಾವ ಅತ್ತೆಗೆ ಬೇಡ? ನಮ್ಮತ್ತೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು: “ನಮ್ ಸೊಸೆ ಈಗ ಹಸ ಇದ್ದಂಗವ್ಳೆ ಕಣವ್ವ. ಒಂದ್ ಎದುರುತ್ತರ ಇಲ್ಲ.”

ನನ್ನ ಕಾಯಿಲೆ ಅವರ ಕಣ್ಣಿಗೆ ಒಳ್ಳೆಯತನವಾಗಿ ಕಂಡಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಮಂಪರಿನಲ್ಲೇ ಒಂದು ಮಧ್ಯಾಹ್ನ ಗಂಡ ಬಂದು, ಎಚ್.ಡಿ. ಕೋಟೆ ಕಡೆಯ ಹುಡುಗನಿಗೆ ಮಗಳನ್ನು ಕೊಡುವ ವಿಷಯ ಎತ್ತಿದರು. ಮಗಳು ಹುಣಸೂರಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. ಮೊದಲೆಲ್ಲ ಅವಳ ಓದು ಬಿಡಿಸುವ ಮಾತು ಬಂದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದವಳು ನಾನೇ. ಅವತ್ತು ಹ್ಞೂಂ ಅಂದೆನಂತೆ.

ಸ್ಕ್ಯಾನ್‌ನಲ್ಲಿ ರೋಗ ಕಾಣಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ವಾರಗಳು ಕಳೆದಂತೆ ಊತ ಇಳಿಯಿತು, ಕೈಕಾಲಿಗೆ ಬಿಸಿ ಬಂತು, ಬಾಯಿಯೂ ಬಂತು. ಮಗಳ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತು ಮಾಡಿದ್ದಾರೆಂದು ನನ್ನ ತಲೆಗೆ ಹೋದದ್ದು ಆಗ.

“ನೀನೇ ಹ್ಞೂಂ ಅಂದ್ಯಲ್ಲಮ್ಮಿ,” ಎಂದರು ಗಂಡ.

“ಆಗ ನನ್ನ ತಲೆ ಕಡೀತೀನಿ ಅಂದಿದ್ರೂ ಹ್ಞೂಂ ಅಂತಿದ್ದೆ ಕಣ್ರೀ! ಈ ಮದ್ವೆ ನಡೆಯಕ್ಕಿಲ್ಲ.”

ಅಡುಗೆಮನೆಯಿಂದ ಅತ್ತೆ, “ಆ ಹಾಳು ಮಾತ್ರೆನೇ ಕಣ ಇವಳ ತಲೆ ಕೆಡಿಸೋದು. ಬುಡ್ಸು ಮಗ ಅದ. ಬುಟ್ಟಿದ್ದಾಗ ಎಷ್ಟ್ ಚೆನ್ನಾಗಿದ್ಲು!” ಎಂದರು. ಗಂಡ ಟವಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟರು.

ಮಾರನೆಯ ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಮಾತ್ರೆಯ ಡಬ್ಬಿ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಮಗಳು ಅಜ್ಜಿಯ ಹಾಸಿಗೆಯಡಿಯಿಂದ ಡಬ್ಬಿ ಹುಡುಕಿ ತಂದಳು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ನನ್ನೆದುರು ನಿಂತಳು.

“ಮೊದ್ಲು ಇದ ನುಂಗವ್ವ, ಆಮೇಲೆ ಜಗಳ ಆಡು. ಇನ್ನೊಂದ್ಸಲ ಹ್ಞೂಂ ಅಂದ್ಬುಟ್ಟೀಯ.”

ನುಂಗಿದೆ. ಆಮೇಲೆ ನಾನು ಆಡಿದ ಜಗಳಕ್ಕೆ ವೀಳ್ಯಶಾಸ್ತ್ರ ನಿಂತಿತು.