ಅಜ್ಜನ ಬಾಯಲ್ಲಿ ನೀರಿತ್ತು

ದೆವ್ವ, ಗಾಳಿ, ಶಕುನ ಎಂದರೆ ನಗುವವರಲ್ಲಿ ನಾನೇ ಮೊದಲಿಗ. ವಿಜಯಪುರದ ತೊರವಿ ಹಾದಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಶರೀರ ರಚನೆ ಕಲಿಸುತ್ತಿದ್ದೇನೆ. ಮನುಷ್ಯನ ಒಳಗೆ ಏನೇನು ಎಲ್ಲೆಲ್ಲಿದೆ ಎಂದು ದಿನಾ ಹೇಳುವವನಿಗೆ, ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬ ಧಿಮಾಕು ತಾನಾಗಿಯೇ ಬರುತ್ತದೆ. ಯಾರಾದರೂ ಇಂಥ ಕತೆ ತೆಗೆದರೆ, ಉಂಡದ್ದು ಜೀರ್ಣವಾಗಿರಲಿಕ್ಕಿಲ್ಲ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೆ ಅದೇ ಮಾತು ಹೇಳಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಹೆಂಡತಿ ಕಸ್ತೂರಿ ಬಬಲೇಶ್ವರದ ಕಡೆಯ ಕುರಿ ಸಾಕುವ ಮನೆತನದವಳು. ನಲವತ್ತು ದಾಟಿತ್ತು, ಮೂರು ಹೆತ್ತಿದ್ದಳು, ಸೋಮವಾರ ಶನಿವಾರ ಎರಡೂ ದಿನ ಕಟ್ಟುನಿಟ್ಟಿನ ಉಪವಾಸ. ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಯಾರಿಗೆ ಹೆಚ್ಚು ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಹೆಚ್ಚೂಕಡಿಮೆ ಅವಳ ವಿವರವೇ ಆಗಿತ್ತು. ಹೊಟ್ಟೆ ಬಹಳ ಹೊತ್ತು ಖಾಲಿ ಬಿದ್ದರೆ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ, ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ ಎಂದು ಹುಡುಗಿಯರಿಗೆ ಹೇಳಿ, ಮನೆಗೆ ಬಂದು ಅವಳ ಉಪವಾಸ ನೋಡಿ ಸುಮ್ಮನಿರುತ್ತಿದ್ದೆ. "ಉಂಡ ಮ್ಯಾಲೆ ಬಲಪಕ್ಕಿ ಹಿಡ್ಕೊಂತೈತ್ರಿ, ಬೆನ್ನಿನ ತನಕಾ ಹೊಡಿತೈತಿ" ಎಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. "ಗ್ಯಾಸ್ ಅದು, ಅಜವಾನ ತಿನ್ನು" ಎಂದು ನಾನು ಪೇಪರ್ ಓದುತ್ತಲೇ ಹೇಳುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ. ಕಸ್ತೂರಿಯ ತಮ್ಮ ಬೀರಪ್ಪನ ಮಗನ ಜಾವಳ, ಮೊದಲ ಸಲ ಕೂದಲು ತೆಗೆಸುವ ಕಾರ್ಯ. ಬಬಲೇಶ್ವರದ ಹೊರಗೆ ಅವರ ಹೊಲದಲ್ಲೇ ಊಟ. ಬೆಳಿಗ್ಗೆ ಹತ್ತರ ಬಿಸಿಲಿಗೆ ಕುರಿ ಕೊಯ್ದಾಗಿತ್ತು. ಒಳಗಿನದನ್ನು ಬಿಡಿಸಲು ಅರಕೇರಿಯಿಂದ ಮಾಳಪ್ಪಜ್ಜನನ್ನು ಕರೆಸಿದ್ದರು. ಆತ ಕಸ್ತೂರಿಗೆ ದೂರದ ಸಂಬಂಧದಲ್ಲಿ ದೊಡ್ಡಪ್ಪನಾಗಬೇಕು. ಯಾವ ಮನೆಯ ಊಟವಿರಲಿ, ಪಿತ್ತ ತೆಗೆಯುವುದಕ್ಕೆ ಆತನೇ ಬೇಕು. ಯಕೃತ್ತಿಗೆ ಅಂಟಿದ ಆ ಹಸಿರು ಚೀಲ ಎಲ್ಲಾದರೂ ಒಡೆದರೆ ಇಡೀ ಹಂಡೆಯ ಖಂಡ ಕಹಿಯಾಗಿ ಬಂದ ಬೀಗರು ಬರಿಗೈ ತೊಳೆದುಕೊಂಡು ಹೋಗಬೇಕಾಗುತ್ತದೆ.

ಅದಕ್ಕೆ ಅವರ ಮನೆತನದಲ್ಲೊಂದು ಪದ್ಧತಿ. ಪಿತ್ತಕ್ಕೆ ಕೈ ಹಾಕುವ ಮುಂಚೆ ಅಜ್ಜ ಬಾಯಿ ತುಂಬ ನೀರು ತುಂಬಿಕೊಳ್ಳುತ್ತಾನೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಚೀಲ ಬಿಡಿಸಿ, ಎದ್ದು ಹೋಗಿ ಬೇಲಿಯಾಚೆ ಎಸೆದು, ಆಮೇಲೆಯೇ ನೀರು ಉಗುಳುವುದು. ಮಾತಾಡಿದರೆ ಕೈ ತಪ್ಪುತ್ತದೆ ಎಂಬುದು ಅವರ ಲೆಕ್ಕ. ಅವತ್ತು ಮಾತ್ರ ಎಸೆಯಬೇಡ, ಹುಡುಗಿಯರಿಗೆ ತೋರಿಸಲು ನನಗೆ ಬೇಕು ಎಂದು ಮೊದಲೇ ಕೇಳಿಕೊಂಡು, ಒಂದು ಬಾಟಲಿ ಹಿಡಿದು ಅಜ್ಜನ ಬಲಕ್ಕೆ ಕುಕ್ಕರಗಾಲಲ್ಲಿ ಕೂತಿದ್ದೆ. ಬೀರಪ್ಪ ಎದುರಿಗೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ.

ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ಕೇಳುವವರು ನಾಲ್ಕು ಜನ ಸಿಕ್ಕರೆಂದು ಪಾಠ ಶುರು ಮಾಡಿದೆ. ಮನುಷ್ಯನಿಗೂ ಹೀಗೇ ಒಂದು ಚೀಲ, ಪಕ್ಕೆಲುಬಿನ ಕೆಳಗೆ ಬಲಗಡೆ, ಎಲ್ಲರಿಗೂ ಅಲ್ಲೇ ಎಂದೆ. ಆಗ ಕಿವಿಯ ಹತ್ತಿರವೇ ಮುಪ್ಪಿನ ದನಿಯೊಂದು ನಿಧಾನವಾಗಿ ಹೇಳಿತು:

"ಎಲ್ಲಾರ್ದೂ ಬಲಕ್ಕ ಇರೂದಿಲ್ಲೋ ತಮ್ಮಾ. ಕಸ್ತೂರಿದು ಎಡಕ್ಕ ಐತಿ. ಕೊಯ್ಯೂ ಮುಂದ ನೋಡಿ ಕೊಯ್ ಅನ್ನು."

ಅಜ್ಜ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. "ಯಜ್ಜಾ, ನೀ ಯಾವ ಕಾಲೇಜಿನ್ಯಾಗ ಕಲ್ತಿಯೋ ಮಾರಾಯಾ?" ಎಂದು ಗಟ್ಟಿಯಾಗಿ ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಮಾಮಾ, ಯಾರ ಜೋಡಿ ಮಾತಾಡಾಕತ್ತೀರಿ?" ಎಂದ ಬೀರಪ್ಪ.

ಅಜ್ಜನ ಕಡೆ ತಿರುಗಿದೆ. ಎರಡೂ ಕೆನ್ನೆ ಉಬ್ಬಿದ್ದವು, ತುಟಿ ಬಿಗಿದಿತ್ತು. ಚೀಲವನ್ನು ನನ್ನ ಬಾಟಲಿಗೆ ಇಳಿಸಿ, ಎದ್ದು ಬೇಲಿಯ ತನಕ ನಡೆದು, ಬಾಯಿ ತುಂಬ ಇದ್ದ ನೀರನ್ನು ಉಗುಳಿದ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಊಟ ಮುಗಿಸಿ ತಿಕೋಟಾದ ನನ್ನ ಅಕ್ಕನ ಮನೆಗೆ ಬಂದೆವು. ದೀಪ ಹಚ್ಚುವ ಹೊತ್ತಿಗೆ ಕಸ್ತೂರಿ ಪಡಸಾಲೆಯಲ್ಲಿ ಮುದುಡಿ ಬಿದ್ದಿದ್ದಳು. ವಾಂತಿ, ಚಳಿ, ಮುಟ್ಟಗೊಡದ ನೋವು. ಕಾರಿನಲ್ಲಿ ವಿಜಯಪುರಕ್ಕೆ ತಂದು ನಮ್ಮ ಜಲನಗರದ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆ. ಸ್ಕ್ಯಾನಿಂಗಿನಲ್ಲಿ ಕಲ್ಲುಗಳು ಕಂಡವು, ಪಿತ್ತಕೋಶ ಬಾತಿತ್ತು. ತಡಮಾಡಿದರೆ ಒಳಗೇ ಒಡೆಯಬಹುದು, ಬೆಳಿಗ್ಗೆಯೇ ಆಪರೇಷನ್ ಎಂದರು. ವರದಿಯಲ್ಲಿ ಅದರ ಜಾಗ ಸರಿಯಾಗಿದೆ ಎಂದೇ ಇತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಹೇಳಬೇಕೋ ಬೇಡವೋ? ಶರೀರ ರಚನೆ ಕಲಿಸುವವನು ಸರ್ಜನ್ ಮುಂದೆ ನಿಂತು, ಬಾಯಲ್ಲಿ ನೀರಿದ್ದ ಮುದುಕ ಹೀಗಂದ ಎಂದು ಹೇಗೆ ಹೇಳುವುದು? ಬೆಳಿಗ್ಗೆ ಸ್ಟ್ರೆಚರ್ ಬಾಗಿಲು ದಾಟುವ ತನಕ ನನ್ನ ಮರ್ಯಾದೆಯೇ ನನಗೆ ದೊಡ್ಡದಾಗಿತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಸ್ತೂರಿ ತಲೆ ಎತ್ತಿ ನನ್ನನ್ನು ಹುಡುಕಿದಳು. ಅದನ್ನು ನೋಡಲಾರದೆ ಸರ್ಜನ್ ಮೇಡಂ ಅವರನ್ನು ತಡೆದು, "ಅಕಿದು ಎಡಕ್ಕ ಇರಬಹುದ್ರಿ, ಸ್ವಲ್ಪ ನೋಡಿ ಮಾಡ್ರಿ" ಎಂದೆ. ಅವರು ನನ್ನ ಮುಖ ನೋಡಿ, ಸಣ್ಣಗೆ ನಕ್ಕು ಒಳಗೆ ಹೋದರು.

ಒಂದು ತಾಸಿನ ಕೆಲಸ ಮೂರು ತಾಸು ಹಿಡಿಯಿತು. ಮೇಡಂ ಹೊರಗೆ ಬಂದಾಗ ನಗುತ್ತಿರಲಿಲ್ಲ.

"ಪೇಷಂಟ್ ಆರಾಮ ಅದಾರ್ರಿ ಸರ್. ನೀವು ಹೇಳಿದ್ದು ಖರೇ, ಯಕೃತ್ತಿನ ಎಡಭಾಗದ ಕೆಳಗೇ ಇತ್ತು. ಪಿತ್ತದ ನಳಿಗಿ ಕೂಡೂ ಜಾಗಾನೂ ಬ್ಯಾರೆ. ನೀವು ಹೇಳಿರಲಿಲ್ಲಂದ್ರ ನಾ ಬ್ಯಾರೆ ನಳಿಗೀನ ಕತ್ತರಿಸಿ ಬಿಡ್ತಿದ್ದೆನೋ ಏನೋ. ಹಿಂದ ಯಾವ ಸ್ಕ್ಯಾನಿನ್ಯಾಗ ನೋಡಿದ್ರಿ?"

ಕಸ್ತೂರಿಗೆ ಅದಕ್ಕೂ ಮುಂಚೆ ಹೊಟ್ಟೆಯ ಸ್ಕ್ಯಾನ್ ಯಾರೂ ಮಾಡಿರಲಿಲ್ಲ, ಹೆರಿಗೆ ಕಾಲದ್ದು ಬಿಟ್ಟು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ತಿಂಗಳ ನಂತರ ಅರಕೇರಿಗೆ ಹೋಗಿ ಅಜ್ಜನನ್ನು ಕೇಳಿದೆ. "ನಾ ಮಾತಾಡಿದ್ರ ಅವತ್ತ ಖಂಡ ಕಹಿ ಆಕ್ಕಿತ್ತಲ್ಲಪಾ. ನೀನೂ ಉಂಡಿಯಲ್ಲ, ಕಹಿ ಇತ್ತೇನು?" ಎಂದ. ಇರಲಿಲ್ಲ.

ಕೊನೆಗೆ ಬೀರಪ್ಪನಿಂದ ಆ ವಿಡಿಯೊ ತರಿಸಿಕೊಂಡು ಮನೆಯಲ್ಲಿ ಕೂತು ನೋಡಿದೆ. ನನ್ನ ಪಾಠ ಕೇಳಿಸುತ್ತದೆ, ಆಮೇಲೆ ನನ್ನ ನಗು ಕೇಳಿಸುತ್ತದೆ. ನಡುವೆ ಯಾರ ದನಿಯೂ ಇಲ್ಲ, ದೂರದಲ್ಲೆಲ್ಲೋ ಕುರಿ ಅರಚಿದ್ದು ಮಾತ್ರ. ಅಷ್ಟೂ ಹೊತ್ತು ನಾನು ತಲೆ ಬಾಗಿಸಿ ಕಿವಿಗೊಟ್ಟಿದ್ದೇನೆ. ಅಜ್ಜ ಇದ್ದದ್ದು ನನ್ನ ಎಡಕ್ಕೆ. ನಾನು ಕಿವಿಗೊಟ್ಟದ್ದು ಬಲಕ್ಕೆ, ಯಾರೂ ಇಲ್ಲದ ಬಯಲಿನ ಕಡೆಗೆ.

ಕಸ್ತೂರಿ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ಹೆದರುತ್ತಾಳೆ ಎಂದುಕೊಂಡೆ, ಹೆದರಲಿಲ್ಲ. ಹೇಳಿದಳು:

"ಒಂದ್ ವರ್ಷ ನಾ ಬಾಯಿಬಿಟ್ಟು ಹೇಳಿದ್ದು ನಿಮಗ ಕೇಳಿಸ್ಲಿಲ್ಲ. ಯಾರೂ ಹೇಳದ್ದು ಹ್ಯಾಂಗ ಕೇಳಿಸ್ತ್ರಿ?"